ಕರಡಿಯ ಹಿಡಿತದಿಂದ ಪಾರಾದ, ಸೇಡನ್ನು ಕೈಬಿಟ್ಟ ಹ್ಯೂ ಗ್ಲಾಸ್

'ದಿ ರೆವೆನೆಂಟ್' ಚಲನಚಿತ್ರವನ್ನು ನೋಡಿದವರು ಅದರ ಕರಡಿಯ ದೃಶ್ಯವನ್ನು ಸುಲಭವಾಗಿ ಮರೆಯಲಾರರು. ಕಾಡಿನ ಮಂದ ಬೆಳಕಿನಲ್ಲಿ ಒಬ್ಬಂಟಿ ಬೇಟೆಗಾರ, ಎದುರಿಗೆ ಮರಿಗಳ ತಾಯಿಯಾದ ಗ್ರಿಜ್ಲಿ ಕರಡಿ. ಅದು ಆತನನ್ನು ಕಚ್ಚಿ, ಎಳೆದಾಡಿ, ತುಳಿದು, ಹೊರಟುಹೋದಂತೆ ಮಾಡಿ ಮತ್ತೆ ಮರಳಿ ಬರುತ್ತದೆ. 2016ರಲ್ಲಿ ಈ ಚಿತ್ರ ಮೂರು ಆಸ್ಕರ್ ಪ್ರಶಸ್ತಿಗಳನ್ನು ಗಳಿಸಿತು. ಹಲವು ಬಾರಿ ನಾಮನಿರ್ದೇಶನಗೊಂಡೂ ಬರಿಗೈಯಲ್ಲಿ ಮರಳಿದ್ದ ಲಿಯೊನಾರ್ಡೊ ಡಿಕಾಪ್ರಿಯೊ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ದೊರಕಿಸಿಕೊಟ್ಟದ್ದೂ ಇದೇ ಪಾತ್ರ.

ಆ ಪಾತ್ರದ ಹೆಸರು ಹ್ಯೂ ಗ್ಲಾಸ್. ಆತ ನಿಜಕ್ಕೂ ಬದುಕಿದ್ದವ. ಕರಡಿ ಆತನನ್ನು ಸಿಗಿದದ್ದು, ಜೊತೆಗಾರರಿಬ್ಬರು ಆತನನ್ನು ಸಾಯಲು ಬಿಟ್ಟು ಹೋದದ್ದು, ಆತ ತೆವಳುತ್ತ ಕುಂಟುತ್ತ ನೂರಾರು ಮೈಲಿ ಸಾಗಿ ಬದುಕಿ ಬಂದದ್ದು ಇವೆಲ್ಲ ನಡೆದ ಸಂಗತಿಗಳೇ. ಆದರೆ ಚಿತ್ರದ ಬೆನ್ನೆಲುಬಾದ ಮಗನ ಕೊಲೆ ಮತ್ತು ಅದಕ್ಕಾಗಿ ತಂದೆ ತೀರಿಸಿಕೊಳ್ಳುವ ಸೇಡು ಮಾತ್ರ ಕಟ್ಟುಕಥೆ. ಗ್ಲಾಸ್‌ಗೆ ಅಂತಹ ಮಗನೊಬ್ಬನಿದ್ದ ಎನ್ನಲು ದಾಖಲೆಯಿಲ್ಲ. ತನ್ನನ್ನು ತೊರೆದು ಹೋದವರನ್ನು ಆತ ಹುಡುಕಿಕೊಂಡು ಹೋದದ್ದು ನಿಜ. ಇಬ್ಬರೂ ಸಿಕ್ಕಿದ್ದು ಸಹ ನಿಜ. ಇಬ್ಬರನ್ನೂ ಆತ ಬಿಟ್ಟುಬಿಟ್ಟ.

ಗ್ಲಾಸ್‌ನ ಪೂರ್ವಾಶ್ರಮದ ಬಗ್ಗೆ ಖಚಿತವಾದದ್ದು ಅತ್ಯಲ್ಪ. 1780ರ ದಶಕದಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಎಂಬುದು ಸಾಮಾನ್ಯ ನಂಬಿಕೆ. ಯೌವನದಲ್ಲಿ ಹಡಗಿನ ಕೆಲಸದಲ್ಲಿದ್ದಾಗ ಜಾನ್ ಲಫೀಟ್ ಎಂಬ ಕುಪ್ರಸಿದ್ಧ ಕಡಲ್ಗಳ್ಳನ ತಂಡಕ್ಕೆ ಸೆರೆಸಿಕ್ಕು, ಪ್ರಾಣ ಉಳಿಸಿಕೊಳ್ಳಲು ತಾನೂ ಕಡಲ್ಗಳ್ಳನಾಗಿ, ಕೊನೆಗೆ ಟೆಕ್ಸಾಸ್ ತೀರದಲ್ಲಿ ಈಜಿ ತಪ್ಪಿಸಿಕೊಂಡ ಎಂಬ ಕಥೆಯಿದೆ. ಬಳಿಕ ಪಾನೀ ಎಂಬ ಮೂಲನಿವಾಸಿ ಬುಡಕಟ್ಟಿನವರ ನಡುವೆ ಕೆಲಕಾಲ ಬಾಳಿದ ಎಂದೂ ಹೇಳುತ್ತಾರೆ. ಇವೆಲ್ಲ ಆತನ ಬಾಯಿಂದ ಕೇಳಿದ್ದಾಗಿ ಹೇಳಿಕೊಂಡ ಗೆಳೆಯರ ನೆನಪಿನಿಂದ ಬಂದ ಸಂಗತಿಗಳು. ಬೆಂಕಿಯ ಸುತ್ತ ಕುಳಿತು ಚಳಿಗಾಲದ ರಾತ್ರಿಗಳನ್ನು ಕಳೆಯುತ್ತಿದ್ದ ಬೇಟೆಗಾರರ ಮಾತಿನಲ್ಲಿ ಎಷ್ಟು ಸತ್ಯ, ಎಷ್ಟು ಒಗ್ಗರಣೆ ಎಂದು ಬಿಡಿಸಿ ಹೇಳುವುದು ಕಷ್ಟ.

ಖಚಿತ ಚರಿತ್ರೆ ಆರಂಭವಾಗುವುದು 1823ರಲ್ಲಿ. ಆಗ ಗ್ಲಾಸ್‌ಗೆ ನಲವತ್ತರ ಆಸುಪಾಸು. ಯುರೋಪಿನ ಸಿರಿವಂತರು ಬೀವರ್ ಎಂಬ ಪ್ರಾಣಿಯ ತುಪ್ಪಳದಿಂದ ಮಾಡಿದ ಟೊಪ್ಪಿಗೆಗೆ ಮರುಳಾಗಿದ್ದ ಕಾಲವದು. ಹೊಳೆ ತೊರೆಗಳಲ್ಲಿ ಕಬ್ಬಿಣದ ಬೋನು ಒಡ್ಡಿ ಬೀವರ್ ಹಿಡಿದು, ಚರ್ಮ ಸುಲಿದು ಒಣಗಿಸಿ ಸೇಂಟ್ ಲೂಯಿಸ್ ನಗರಕ್ಕೆ ಸಾಗಿಸಿದರೆ ಕೈತುಂಬ ಹಣ. ವಿಲಿಯಂ ಆಶ್ಲಿ ಮತ್ತು ಆಂಡ್ರ್ಯೂ ಹೆನ್ರಿ ಎಂಬ ಪಾಲುದಾರರು 1822ರಲ್ಲಿ ಸೇಂಟ್ ಲೂಯಿಸ್‌ನ ಪತ್ರಿಕೆಯಲ್ಲಿ ನೂರು ಮಂದಿ ಸಾಹಸಿ ಯುವಕರು ಬೇಕೆಂದು ಜಾಹೀರಾತು ನೀಡಿದ್ದರು. ಮಿಸೌರಿ ನದಿಯ ಮೇಲ್ದಂಡೆಯವರೆಗೆ ಸಾಗಿ ಒಂದೆರಡು ವರ್ಷ ಅಲ್ಲಿಯೇ ದುಡಿಯುವ ಕೆಲಸ. ಮರುವರ್ಷದ ತಂಡಕ್ಕೆ ಗ್ಲಾಸ್ ಸೇರಿಕೊಂಡ. ಯುವಕ ಎನಿಸಿಕೊಳ್ಳುವ ವಯಸ್ಸು ಆತನಿಗೆ ದಾಟಿತ್ತು.

ಮಿಸೌರಿ ದಂಡೆಯಲ್ಲಿ ಅರಿಕಾರಾ ಬುಡಕಟ್ಟಿನ ಎರಡು ಹಳ್ಳಿಗಳಿದ್ದವು. ಅವರು ಕೃಷಿಕರು, ಜೊತೆಗೆ ಹಳೆಯ ವ್ಯಾಪಾರಿಗಳು. ನದಿಯ ವ್ಯಾಪಾರದಲ್ಲಿ ಮಧ್ಯವರ್ತಿಗಳಾಗಿದ್ದ ತಮ್ಮನ್ನು ದಾಟಿ ಬಿಳಿಯರು ನೇರವಾಗಿ ಕಾಡಿಗೆ ನುಗ್ಗುವುದು ಅವರ ಹೊಟ್ಟೆಯ ಮೇಲೆ ಹೊಡೆದಂತಿತ್ತು. 1806ರಲ್ಲಿ ಅಮೆರಿಕ ಸರ್ಕಾರದ ಆಹ್ವಾನದ ಮೇರೆಗೆ ರಾಜಧಾನಿಗೆ ಹೋದ ಅವರ ನಾಯಕನೊಬ್ಬ ಅಲ್ಲಿಯೇ ಸತ್ತ ನೋವೂ ಮನದಲ್ಲಿತ್ತು. ಈ ಹಿನ್ನೆಲೆ ತಿಳಿಯದಿದ್ದರೆ ಚಿತ್ರದ ಆರಂಭದ ಬಾಣಗಳ ಮಳೆ ಕೇವಲ ಕ್ರೌರ್ಯವಾಗಿ ಕಾಣುತ್ತದೆ. 1823ರ ಜೂನ್ 2ರ ಬೆಳಗಿನ ಜಾವ ಅರಿಕಾರಾಗಳು ಆಶ್ಲಿಯ ತಂಡದ ಮೇಲೆ ಎರಗಿದರು. ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಗ್ಲಾಸ್‌ನ ಕಾಲಿಗೆ ಗುಂಡು ತಗುಲಿತು.

ಅಂದು ಸತ್ತವರಲ್ಲಿ ಜಾನ್ ಗಾರ್ಡ್ನರ್ ಎಂಬ ಯುವಕನೂ ಒಬ್ಬ. ಆತನ ತಂದೆಗೆ ಗ್ಲಾಸ್ ಪತ್ರ ಬರೆದ. ನಿಮ್ಮ ಮಗ ಗಾಯಗೊಂಡು ಅಸುನೀಗಿದ, ಜೊತೆಗಾರನೊಬ್ಬ ಆತನಿಗಾಗಿ ಪ್ರಾರ್ಥಿಸಿದ, ಇತರರೊಂದಿಗೆ ಮಣ್ಣು ಮಾಡಿದೆವು, ಆತನ ವಸ್ತುಗಳನ್ನು ಕಳುಹಿಸಿಕೊಡುತ್ತೇವೆ ಎಂಬುದು ಅದರ ಸಾರಾಂಶ. ಗ್ಲಾಸ್ ಬರೆದದ್ದೆಂದು ಇಂದು ಉಳಿದಿರುವುದು ಆ ಒಂದೇ ಪತ್ರ. ತನ್ನ ಸ್ವಂತ ಸಾಹಸದ ಬಗ್ಗೆ ಆತ ಒಂದು ಸಾಲನ್ನೂ ಬರೆದಿಡಲಿಲ್ಲ.

ಎರಡು ತಿಂಗಳ ನಂತರ ಹೆನ್ರಿಯ ನೇತೃತ್ವದ ಸಣ್ಣ ತಂಡ ನದಿ ಮಾರ್ಗ ಬಿಟ್ಟು ಕಾಲ್ನಡಿಗೆಯಲ್ಲಿ ಪಶ್ಚಿಮಕ್ಕೆ ಹೊರಟಿತು. ಇಂದಿನ ಸೌತ್ ಡಕೋಟಾ ರಾಜ್ಯದ ಗ್ರ್ಯಾಂಡ್ ನದಿಯ ಕಣಿವೆ. ಆಗಸ್ಟ್ ತಿಂಗಳು. ತಂಡದಿಂದ ತುಸು ಮುಂದೆ ಪೊದೆಗಳ ನಡುವೆ ಸಾಗುತ್ತಿದ್ದ ಗ್ಲಾಸ್, ಮರಿಗಳೊಂದಿಗಿದ್ದ ಹೆಣ್ಣು ಗ್ರಿಜ್ಲಿಗೆ ಎದುರಾದ. ಬಂದೂಕು ಎತ್ತುವ ಮೊದಲೇ ಅದು ಮೇಲೆ ಬಿದ್ದಿತ್ತು. ಕೂಗು ಕೇಳಿ ಓಡಿಬಂದ ಸಂಗಡಿಗರು ಕರಡಿಯನ್ನು ಕೊಂದರು. ಗ್ಲಾಸ್‌ನ ತಲೆಯ ಚರ್ಮ, ಗಂಟಲು, ಬೆನ್ನು, ಕೈಕಾಲು ಎಲ್ಲವೂ ಹರಿದಿದ್ದವು. ಬೆಳಗಾಗುವಷ್ಟರಲ್ಲಿ ಸಾಯುತ್ತಾನೆ ಎಂದು ಎಲ್ಲರೂ ತಿಳಿದರು. ಆತ ಸಾಯಲಿಲ್ಲ.

ಆತನನ್ನು ಹೊತ್ತು ಸಾಗುವುದೆಂದರೆ ತಂಡದ ವೇಗ ತಗ್ಗಿ ಎಲ್ಲರ ಜೀವಕ್ಕೂ ಸಂಚಕಾರ. ಆದ್ದರಿಂದ ಆತ ಕೊನೆಯುಸಿರೆಳೆಯುವವರೆಗೆ ಜೊತೆಗಿದ್ದು ಮಣ್ಣು ಮಾಡಿ ಬರುವವರಿಗೆ ಹೆಚ್ಚುವರಿ ಹಣ ಕೊಡುವುದಾಗಿ ಹೆನ್ರಿ ಘೋಷಿಸಿದ. ಇಬ್ಬರು ಮುಂದೆ ಬಂದರು. ಒಬ್ಬ ಜಾನ್ ಫಿಟ್ಜ್‌ಜೆರಾಲ್ಡ್. ಇನ್ನೊಬ್ಬ ಹದಿಹರೆಯದ ಹುಡುಗ. ಆತ ಮುಂದೆ ಪ್ರಖ್ಯಾತ ಮಾರ್ಗದರ್ಶಿಯಾದ ಜಿಮ್ ಬ್ರಿಡ್ಜರ್ ಎಂದು ಹೆಚ್ಚಿನ ಇತಿಹಾಸಕಾರರು ಒಪ್ಪುತ್ತಾರಾದರೂ, ಘಟನೆಯ ಮೊದಲ ವರದಿಯಲ್ಲಿ ಆ ಹೆಸರಿಲ್ಲ. ದಿನಗಳು ಉರುಳಿದವು. ಗಾಯಾಳು ಸಾಯಲೂ ಇಲ್ಲ, ಏಳಲೂ ಇಲ್ಲ. ಅರಿಕಾರಾಗಳ ಭಯ ಹೆಚ್ಚುತ್ತಿತ್ತು. ಕೊನೆಗೆ ಇಬ್ಬರೂ ಆತನ ಬಂದೂಕು, ಚಾಕು, ಬೆಂಕಿ ಹೊತ್ತಿಸುವ ಸಾಮಗ್ರಿ ಎಲ್ಲವನ್ನೂ ತೆಗೆದುಕೊಂಡು ಹೊರಟುಹೋದರು. ಗ್ಲಾಸ್ ಸತ್ತ, ಮಣ್ಣು ಮಾಡಿದೆವು ಎಂದು ಹೆನ್ರಿಗೆ ವರದಿ ಒಪ್ಪಿಸಿದರು.

ಇಲ್ಲಿ ಬಂದೂಕಿನ ವಿಷಯವನ್ನು ಒತ್ತಿ ಹೇಳಬೇಕು. ಜೊತೆಗಾರರು ಪ್ರಾಣಭಯದಿಂದ ಬಿಟ್ಟು ಹೋದದ್ದನ್ನು ಅರ್ಥ ಮಾಡಿಕೊಳ್ಳಬಹುದು. ಆದರೆ ಆ ನೆಲದಲ್ಲಿ ಬಂದೂಕು ಕಸಿಯುವುದೆಂದರೆ ಉಳಿದ ಉಸಿರನ್ನೂ ಕಸಿದಂತೆ. ಗ್ಲಾಸ್‌ನ ಕೋಪವೆಲ್ಲ ಆ ಬಂದೂಕಿನ ಮೇಲೆಯೇ ನೆಟ್ಟಿತ್ತೆಂದು ಮುಂದಿನ ಘಟನೆಗಳು ತೋರಿಸುತ್ತವೆ.

ಎಚ್ಚರವಾದಾಗ ಆತ ಒಂಟಿ. ಹತ್ತಿರದಲ್ಲಿ ಒಂದು ಒರತೆ, ಪೊದೆಗಳಲ್ಲಿ ಕಾಡುಹಣ್ಣು. ಅವುಗಳಿಂದ ಕೆಲವು ದಿನ ಪ್ರಾಣ ಹಿಡಿದುಕೊಂಡು, ನಂತರ ಮಿಸೌರಿ ದಂಡೆಯ ಕಯೋವಾ ಕೋಟೆಯತ್ತ ತೆವಳತೊಡಗಿದ. ಸುಮಾರು 200 ಮೈಲಿ, ಎಂದರೆ 320 ಕಿಲೋಮೀಟರ್ ದೂರ. ಬೇರು ಅಗೆದು ತಿಂದ. ಒಮ್ಮೆ ತೋಳಗಳು ಕಾಡೆಮ್ಮೆಯ ಕರುವನ್ನು ಕೆಡವಿದ್ದನ್ನು ಕಂಡು, ಅವುಗಳನ್ನು ಓಡಿಸಿ ಆ ಹಸಿಮಾಂಸದಿಂದ ಹಸಿವು ನೀಗಿಸಿಕೊಂಡ. ಅಲ್ಲಿಂದ ಎದ್ದು ನಡೆಯುವಷ್ಟು ಶಕ್ತಿ ಬಂತು. ದಾರಿಯಲ್ಲಿ ಸಿಕ್ಕ ಲಕೋಟಾ ಬುಡಕಟ್ಟಿನವರು ಆತನ ಬೆನ್ನಿನ ಗಾಯಕ್ಕೆ ಶುಶ್ರೂಷೆ ಮಾಡಿದರು ಎನ್ನಲಾಗಿದೆ. ಅಕ್ಟೋಬರ್ ವೇಳೆಗೆ ಕೋಟೆ ತಲುಪಿದ. ಚಿತ್ರದಲ್ಲಿ ಇದೆಲ್ಲ ಮೊಣಕಾಲುದ್ದ ಹಿಮದಲ್ಲಿ ನಡೆಯುತ್ತದೆ, ನಿಜದಲ್ಲಿ ಅದು ಬೇಸಿಗೆಯ ಕೊನೆ ಮತ್ತು ಶರತ್ಕಾಲ. ಹಿಮ ಬಿದ್ದಿದ್ದರೆ ತೆವಳುವವನಿಗೆ ಹಣ್ಣೂ ಸಿಗುತ್ತಿರಲಿಲ್ಲ, ಬೇರೂ ಸಿಗುತ್ತಿರಲಿಲ್ಲ.

ಸಾಮಾನ್ಯನಾದರೆ ಅಲ್ಲಿಯೇ ಉಳಿದು ಚೇತರಿಸಿಕೊಳ್ಳುತ್ತಿದ್ದ. ಗ್ಲಾಸ್ ಕೆಲವೇ ದಿನಗಳಲ್ಲಿ ಮೇಲ್ದಂಡೆಗೆ ಹೊರಟ ದೋಣಿ ಹತ್ತಿದ. ಅರಿಕಾರಾಗಳು ಆ ದೋಣಿಯ ಮೇಲೂ ದಾಳಿ ಮಾಡಿದರು. ಗ್ಲಾಸ್ ಅದಕ್ಕೆ ಮುನ್ನವೇ ದಡಕ್ಕಿಳಿದು ನಡೆಯುತ್ತಿದ್ದುದರಿಂದ ಬದುಕಿದ, ಮಂಡನ್ ಬುಡಕಟ್ಟಿನವರು ಆತನನ್ನು ರಕ್ಷಿಸಿದರು. ಅಲ್ಲಿಂದ ಚಳಿಯಲ್ಲಿ ಒಬ್ಬನೇ ನಡೆದು ಯೆಲ್ಲೋಸ್ಟೋನ್ ನದಿ ಸೇರುವಲ್ಲಿನ ಹೆನ್ರಿಯ ಕೋಟೆಗೆ ಬಂದರೆ ಅದು ಖಾಲಿ! ತಂಡ ಬಿಗ್‌ಹಾರ್ನ್ ನದಿಯ ಬಳಿಗೆ ಸ್ಥಳಾಂತರಗೊಂಡಿತ್ತು. ಹೊಸ ವರ್ಷದ ಹೊತ್ತಿಗೆ ಆತ ಅಲ್ಲಿಗೂ ತಲುಪಿದ. ಸತ್ತವನೆಂದು ಲೆಕ್ಕದಿಂದ ತೆಗೆದುಹಾಕಿದ್ದ ಮನುಷ್ಯ ಬಾಗಿಲಲ್ಲಿ ನಿಂತಾಗ ಒಳಗಿದ್ದವರ ಮುಖ ಹೇಗಿದ್ದಿರಬೇಕು!

ಆ ಹುಡುಗ ಅಲ್ಲಿದ್ದ. ಗ್ಲಾಸ್ ಆತನನ್ನು ಕೊಲ್ಲಬಹುದಿತ್ತು, ಆ ಕಾಡಿನಲ್ಲಿ ಪೊಲೀಸರೂ ಇಲ್ಲ, ನ್ಯಾಯಾಲಯವೂ ಇಲ್ಲ. ಆದರೆ ಹುಡುಗನ ಎಳೆಯ ವಯಸ್ಸನ್ನೂ ಆತನ ಪಶ್ಚಾತ್ತಾಪವನ್ನೂ ನೋಡಿ, ಹಿರಿಯನ ಮಾತು ಕೇಳಿ ಕೆಟ್ಟೆ ಎಂಬುದನ್ನು ಅರಿತು ಕ್ಷಮಿಸಿದ. ಫಿಟ್ಜ್‌ಜೆರಾಲ್ಡ್ ಆಗಲೇ ತಂಡ ಬಿಟ್ಟು ಹೋಗಿದ್ದ. ಬಂದೂಕೂ ಆತನೊಂದಿಗೆ ಹೋಗಿತ್ತು.

1824ರ ಫೆಬ್ರುವರಿ ಕೊನೆಯಲ್ಲಿ ಹೆನ್ರಿಯ ಪತ್ರ ಹೊತ್ತ ಐವರಲ್ಲಿ ಒಬ್ಬನಾಗಿ ಗ್ಲಾಸ್ ಮತ್ತೆ ಪೂರ್ವಕ್ಕೆ ಹೊರಟ. ಪ್ಲಾಟ್ ನದಿಯಲ್ಲಿ ಸಾಗಲು ಅವರು ಕಾಡೆಮ್ಮೆಯ ಚರ್ಮದಿಂದ ದುಂಡನೆಯ ದೋಣಿ ಕಟ್ಟಿಕೊಂಡರು. ನಮ್ಮ ತುಂಗಭದ್ರೆಯ ಹರಿಗೋಲನ್ನು ಕಂಡವರಿಗೆ ಅದರ ರೂಪವನ್ನು ಬೇರೆ ವಿವರಿಸಬೇಕಿಲ್ಲ. ದಾರಿಯಲ್ಲಿ ಪಾನೀಗಳೆಂದು ನಂಬಿ ಆತಿಥ್ಯ ಸ್ವೀಕರಿಸಿದವರು ಅರಿಕಾರಾಗಳಾಗಿದ್ದರು. ಇಬ್ಬರು ಸತ್ತರು. ಗ್ಲಾಸ್ ಬಂಡೆಗಳ ನಡುವೆ ಅಡಗಿ ಪಾರಾದ. ಈ ಸಲವೂ ಬಂದೂಕು ಹೋಯಿತು, ಆದರೆ ಚಾಕು ಮತ್ತು ಚಕಮಕಿ ಉಳಿದಿದ್ದವು. ಹಿಂದಿನ ಸಲಕ್ಕೆ ಹೋಲಿಸಿದರೆ ತಾನು ಸಿರಿವಂತನೇ ಎಂದು ಆತ ಭಾವಿಸಿದನಂತೆ.

ಜೂನ್‌ನಲ್ಲಿ ಇಂದಿನ ನೆಬ್ರಾಸ್ಕಾದಲ್ಲಿದ್ದ ಅಟ್ಕಿನ್ಸನ್ ಸೇನಾ ಕೋಟೆಗೆ ಬಂದಾಗ ಫಿಟ್ಜ್‌ಜೆರಾಲ್ಡ್ ಅಲ್ಲಿದ್ದಾನೆಂದು ತಿಳಿಯಿತು. ಆತ ಅಮೆರಿಕ ಸೇನೆಯ 6ನೇ ಪದಾತಿ ದಳಕ್ಕೆ ಸೇರಿದ್ದ. ಸೈನಿಕನನ್ನು ಕೊಂದರೆ ನೇಣು ಖಚಿತ. ಸೇನಾಧಿಕಾರಿ ಮಧ್ಯೆ ಬಂದು ಬಂದೂಕನ್ನು ಮರಳಿ ಕೊಡಿಸಿದ. ಗ್ಲಾಸ್ ಅದನ್ನು ತೆಗೆದುಕೊಂಡು ಹೊರನಡೆದ. ಇದನ್ನು ಕ್ಷಮೆ ಎನ್ನಬೇಕೋ ಲೆಕ್ಕಾಚಾರ ಎನ್ನಬೇಕೋ? ಹುಡುಗನಿಗೆ ಸಿಕ್ಕದ್ದು ಕ್ಷಮೆಯೇ. ಫಿಟ್ಜ್‌ಜೆರಾಲ್ಡ್‌ನ ವಿಷಯದಲ್ಲಿ ಕಾನೂನಿನ ಭಯವೂ ಕೆಲಸ ಮಾಡಿರಬಹುದು. ಆದರೆ ಗ್ಲಾಸ್ ಆ ಬಳಿಕ ಎಂಟೊಂಬತ್ತು ವರ್ಷ ಬದುಕಿದ್ದ. ಮತ್ತೆ ಆತನ ಬೆನ್ನು ಹತ್ತಿದ ಎಂಬ ಸುದ್ದಿ ಎಲ್ಲಿಯೂ ಇಲ್ಲ.

ಇಂತಹ ಕೊನೆ ಹಾಲಿವುಡ್‌ಗೆ ಸಪ್ಪೆಯೆನಿಸಿದ್ದರೆ ಆಶ್ಚರ್ಯವಿಲ್ಲ. ಕುತೂಹಲದ ಸಂಗತಿಯೆಂದರೆ 1971ರಲ್ಲಿ ತೆರೆಕಂಡ 'ಮ್ಯಾನ್ ಇನ್ ದಿ ವೈಲ್ಡರ್‌ನೆಸ್' ನಾಯಕನ ಹೆಸರನ್ನು ಬದಲಿಸಿಯೂ ಸೇಡಿಲ್ಲದ ಕೊನೆಯನ್ನು ಉಳಿಸಿಕೊಂಡಿತ್ತು. ರಿಚರ್ಡ್ ಹ್ಯಾರಿಸ್ ಅದರ ನಾಯಕ. ಮೈಕೆಲ್ ಪಂಕ್ 2002ರಲ್ಲಿ ಬರೆದ ಕಾದಂಬರಿಯನ್ನು ಆಧರಿಸಿ ಅಲೆಹಾಂಡ್ರೊ ಇನ್ಯಾರಿಟು ನಿರ್ದೇಶಿಸಿದ 'ದಿ ರೆವೆನೆಂಟ್' ನಾಯಕನ ಹೆಸರನ್ನು ಉಳಿಸಿಕೊಂಡು, ಮಗನನ್ನು ಸೃಷ್ಟಿಸಿ ಕೊನೆಯನ್ನು ಬದಲಿಸಿತು. ಬಹುಪಾಲು ಸಹಜ ಬೆಳಕಿನಲ್ಲೇ ಕೆನಡಾದಲ್ಲಿ ಚಿತ್ರೀಕರಿಸಿ, ಅಲ್ಲಿ ಹಿಮ ಸಾಲದಾದಾಗ ಅರ್ಜೆಂಟೀನಾದ ದಕ್ಷಿಣ ತುದಿಗೆ ಹೋದ ತಂಡದ ಶ್ರಮಕ್ಕೆ ತಲೆಬಾಗಲೇಬೇಕು. ಎಮ್ಯಾನುಯೆಲ್ ಲುಬೆಜ್ಕಿ ಅವರ ಛಾಯಾಗ್ರಹಣಕ್ಕೆ ಸಿಕ್ಕ ಆಸ್ಕರ್ ಅರ್ಹವಾದದ್ದೇ. ಆದರೆ ಬದುಕುಳಿಯಲು ಸೇಡೊಂದೇ ಸಾಕಷ್ಟು ಕಾರಣ ಎಂದು ಚಿತ್ರ ಹೇಳುವಾಗ ನಿಜವಾದ ಗ್ಲಾಸ್ ಅದರಿಂದ ದೂರ ಸರಿಯುತ್ತಾನೆ. ದಾಖಲೆಗಳಲ್ಲಿನ ಮನುಷ್ಯ ಅದಕ್ಕಿಂತ ಸಂಕೀರ್ಣನಾಗಿದ್ದ.

ಗ್ಲಾಸ್‌ನ ಕಥೆಯನ್ನು ಮೊದಲು ಅಚ್ಚು ಮಾಡಿದ್ದು ಫಿಲಡೆಲ್ಫಿಯಾದ 'ದಿ ಪೋರ್ಟ್ ಫೋಲಿಯೊ' ಪತ್ರಿಕೆ, 1825ರಲ್ಲಿ. ಬರೆದವರು ವಕೀಲ, ಲೇಖಕ ಜೇಮ್ಸ್ ಹಾಲ್. ಊರೂರಿಗೆ ಹಬ್ಬಿದ ಖ್ಯಾತಿಯಿಂದ ಗ್ಲಾಸ್‌ಗೆ ಆದ ಲಾಭವೇನೂ ಕಾಣದು. ಸಾಂಟಾ ಫೆ ಕಡೆಯ ವ್ಯಾಪಾರಕ್ಕೆ ಹೋಗಿ ಬೆನ್ನಿಗೆ ಬಾಣ ತಗುಲಿಸಿಕೊಂಡ. ಮುರಿದ ಬಾಣದ ಮೊನೆಯನ್ನು ಹೊತ್ತುಕೊಂಡೇ ನೂರಾರು ಮೈಲಿ ಸಾಗಿದ ಮೇಲೆ ಸಂಗಡಿಗನೊಬ್ಬ ಕ್ಷೌರದ ಕತ್ತಿಯಿಂದ ಅದನ್ನು ಕೊಯ್ದು ತೆಗೆದನಂತೆ. ನಂತರ ಮತ್ತೆ ಮಿಸೌರಿಯ ಮೇಲ್ದಂಡೆಗೇ ಮರಳಿ, ವ್ಯಾಪಾರಿ ಕೋಟೆಗಳಿಗೆ ಮಾಂಸ ಒದಗಿಸುವ ಬೇಟೆಗಾರನಾದ.

1833ರ ಚಳಿಗಾಲ. ಯೆಲ್ಲೋಸ್ಟೋನ್ ನದಿ ಹೆಪ್ಪುಗಟ್ಟಿತ್ತು. ಕ್ಯಾಸ್ ಕೋಟೆಯ ಸಮೀಪ ಇಬ್ಬರು ಸಂಗಡಿಗರೊಂದಿಗೆ ಮಂಜುಗಡ್ಡೆಯ ಮೇಲೆ ನದಿ ದಾಟುತ್ತಿದ್ದಾಗ ಅರಿಕಾರಾಗಳ ಗುಂಡಿಗೆ ಮೂವರೂ ಬಲಿಯಾದರು. ಹತ್ತು ವರ್ಷಗಳ ಹಿಂದೆ ಅದೇ ಬುಡಕಟ್ಟಿನವರ ಗುಂಡು ಆತನ ಕಾಲನ್ನು ಹೊಕ್ಕಿತ್ತು. ಕೆಲಕಾಲದ ನಂತರ ಜಾನ್ಸನ್ ಗಾರ್ಡ್ನರ್ ಎಂಬ ಬೇಟೆಗಾರನ ಬಿಡಾರಕ್ಕೆ ಕೆಲವು ಅರಿಕಾರಾಗಳು ಬಂದರು. ಅವರಲ್ಲೊಬ್ಬನ ಕೈಯಲ್ಲಿ ಗ್ಲಾಸ್‌ನ ಬಂದೂಕು ಇತ್ತು ಎನ್ನಲಾಗಿದೆ. ಗಾರ್ಡ್ನರ್ ಮತ್ತು ಸಂಗಡಿಗರು ಅವರಲ್ಲಿ ಸೆರೆಸಿಕ್ಕವರನ್ನು ಕೊಂದುಹಾಕಿದರು.