ಹೆಸರು ಬದಲಿಸದ ಬೆಸ್ ಮೈಯರ್ಸನ್



ಸೌಂದರ್ಯ ಸ್ಪರ್ಧೆ ಅಂದ ಕೂಡಲೇ ಹಿಂದಿನ ಬೆಂಚಿನವರು ನಗಬೇಡಿ, ಪೂರ್ತಿ ಓದಿ. ನಾನು ಬರೆಯುತ್ತಿರುವುದು 1945ರಲ್ಲಿ ‘ಮಿಸ್ ಅಮೆರಿಕ’ ಆಗಿ, ಆಮೇಲೆ ಟಿ.ವಿ.ಯಲ್ಲಿ ಹೆಸರು ಮಾಡಿದ ಬೆಸ್ ಮೈಯರ್ಸನ್ ಅವರ ವಿಷಯ.

ಇವರು 1924ನೇ ಇಸವಿ ಜುಲೈ 16ರಂದು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಭಾಗದಲ್ಲಿ ಜನಿಸಿದರು. ತಂದೆ ಲೂಯಿ, ತಾಯಿ ಬೆಲ್ಲಾ. ಇಬ್ಬರೂ ರಷ್ಯಾದಿಂದ ವಲಸೆ ಬಂದ ಯಹೂದಿಗಳು. ತಂದೆಯದು ಮನೆಗಳಿಗೆ ಬಣ್ಣ ಬಳಿಯುವ ಕೆಲಸ. ಬೆಸ್ ಪಿಯಾನೋ, ಕೊಳಲು ಎರಡನ್ನೂ ಕಲಿತರು. ಹಂಟರ್ ಕಾಲೇಜಿನಲ್ಲಿ ಸಂಗೀತದ ಪದವಿ ಪಡೆದರು. ಮುಂದೆ ಓದಲು ಹಣ ಬೇಕಿತ್ತು. ಅಕ್ಕ ಸಿಲ್ವಿಯಾ ಇವರ ಹೆಸರನ್ನು ಸ್ಪರ್ಧೆಗೆ ಕೊಟ್ಟರು. ಆ ವರ್ಷವೇ ಮೊದಲ ಸಲ ಗೆದ್ದವರಿಗೆ 5,000 ಡಾಲರ್ ವಿದ್ಯಾರ್ಥಿವೇತನ ಇಟ್ಟಿದ್ದರು.

ಸ್ಪರ್ಧೆ ನಡೆಸುತ್ತಿದ್ದ ಲೆನೋರಾ ಸ್ಲಾಟರ್ ಎಂಬುವರು, ಹೆಸರನ್ನು ಬೆಥ್ ಮೆರಿಕ್ ಅಂತ ಬದಲಿಸಿಕೊಳ್ಳಿ ಎಂದು ಸಲಹೆ ಕೊಟ್ಟರು. ಆ ಹೆಸರು ಕೇಳಿದರೆ ಯಹೂದಿ ಅಂತ ಗೊತ್ತಾಗುವುದಿಲ್ಲ. ಬೆಸ್ ಒಪ್ಪಲಿಲ್ಲ. ಆಗ ಅವರಿಗೆ 21 ವರ್ಷ, ಕೈಯಲ್ಲಿ ದುಡ್ಡಿಲ್ಲ. ಆ ಜಾಗದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಸೆಪ್ಟೆಂಬರ್ 8ರಂದು ಅಟ್ಲಾಂಟಿಕ್ ಸಿಟಿಯಲ್ಲಿ ಬೆಸ್ ಗೆದ್ದರು. ಮಿಸ್ ಅಮೆರಿಕ ಆದ ಮೊದಲ ಯಹೂದಿ ಹುಡುಗಿ ಇವರೇ. ಎರಡನೇ ಮಹಾಯುದ್ಧ ಮುಗಿದು ಒಂದು ವಾರವೂ ಆಗಿರಲಿಲ್ಲ. ಆ ಯುದ್ಧಕಾಲದಲ್ಲಿ ಹಿಟ್ಲರನ ಕಡೆಯವರು ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದಿದ್ದರು. ಹಾಗಾಗಿ ಬ್ರಾಂಕ್ಸ್‌ನ ಜನಕ್ಕೆ ಇದು ಬರೀ ಕಿರೀಟ ಆಗಿರಲಿಲ್ಲ.

ಆದರೆ ಗೆದ್ದ ಮೇಲೂ ಸುಖ ಸಿಗಲಿಲ್ಲ. ಕೆಲವು ಕಂಪನಿಗಳು ತಮ್ಮ ಜಾಹೀರಾತಿಗೆ ಯಹೂದಿ ಹುಡುಗಿ ಬೇಡ ಅಂದವು. ಅಮೆರಿಕದಲ್ಲೂ ಆಗ ಕೆಲವು ಹೋಟೆಲು, ಕ್ಲಬ್ಬುಗಳಲ್ಲಿ ಯಹೂದಿಗಳನ್ನು ಒಳಗೆ ಬಿಡುತ್ತಿರಲಿಲ್ಲ. (ಸಮಾಜ ಪಾಠದಲ್ಲಿ ಅಂಬೇಡ್ಕರರಿಗೆ ಶಾಲೆಯ ನೀರಿನ ಪಾತ್ರೆ ಮುಟ್ಟಲು ಬಿಡದಿದ್ದುದನ್ನು ಓದಿದ್ದೇವಲ್ಲ, ನನಗೆ ಅದೇ ನೆನಪಾಯಿತು.) ಬೆಸ್ ಮೆರವಣಿಗೆಯ ಪ್ರವಾಸ ಬಿಟ್ಟು, ಆಂಟಿ ಡಿಫಮೇಶನ್ ಲೀಗ್ ಎಂಬ ಸಂಸ್ಥೆಯ ಪರವಾಗಿ ಶಾಲೆ ಶಾಲೆಗೆ ಹೋಗಿ ಜನಾಂಗದ್ವೇಷದ ವಿರುದ್ಧ ಭಾಷಣ ಮಾಡಿದರು. ನನಗೆ ಕಿರೀಟಕ್ಕಿಂತ ಇದೇ ದೊಡ್ಡದು ಅನ್ನಿಸುತ್ತದೆ.

ಟಿ.ವಿ. ಆಗಿನ್ನೂ ಹೊಸದು. 1951ರಲ್ಲಿ ‘ದಿ ಬಿಗ್ ಪೇಆಫ್’ ಎಂಬ ಕಾರ್ಯಕ್ರಮದಲ್ಲಿ ಬೆಸ್‌ಗೆ ಕೆಲಸ ಸಿಕ್ಕಿತು. ಗಂಡಸರು ಪ್ರಶ್ನೆಗೆ ಉತ್ತರ ಹೇಳಿ ಹೆಂಡತಿಗೆ ಬಹುಮಾನ ಗೆಲ್ಲುವ ಆಟ ಅದು. ಬಹುಮಾನದ ತುಪ್ಪಳದ ಕೋಟು ಹಾಕಿಕೊಂಡು ತೋರಿಸುವುದೂ ಇವರ ಕೆಲಸವಾಗಿತ್ತು. ನನಗೆ ಅದು ಅಷ್ಟು ಹಿಡಿಸಲಿಲ್ಲ. 1958ರಿಂದ 1967ರವರೆಗಿನದು ಚೆನ್ನಾಗಿದೆ. ‘ಐ ಹ್ಯಾವ್ ಗಾಟ್ ಎ ಸೀಕ್ರೆಟ್’ ಅಂತ. ಬಂದ ಅತಿಥಿಗೆ ಒಂದು ಗುಟ್ಟು ಇರುತ್ತದೆ, ನಾಲ್ಕು ಜನ ಕುಳಿತು ಪ್ರಶ್ನೆ ಕೇಳಿ ಕೇಳಿ ಅದನ್ನು ಕಂಡುಹಿಡಿಯಬೇಕು. ಆ ನಾಲ್ವರಲ್ಲಿ ಬೆಸ್ ಒಬ್ಬರು. ಮಿಸ್ ಅಮೆರಿಕ ಸ್ಪರ್ಧೆ ಮೊದಲ ಸಲ ಟಿ.ವಿ.ಯಲ್ಲಿ ಬಂದದ್ದು 1954ರಲ್ಲಿ. ಅದರ ವಿವರಣೆಗೂ ಬೆಸ್ ಇದ್ದರು. ಬೇಡ ಅಂದ ಹೆಸರೇ ಮನೆಮನೆಯ ಟಿ.ವಿ.ಯಲ್ಲಿ ಕೇಳಿಸಿತು!

1969ರಲ್ಲಿ ಮೇಯರ್ ಲಿಂಡ್ಸೆ ಇವರನ್ನು ನ್ಯೂಯಾರ್ಕಿನ ಗ್ರಾಹಕ ಇಲಾಖೆಯ ಮುಖ್ಯಸ್ಥೆ ಮಾಡಿದರು. ಗ್ರಾಹಕರಿಗೆ ಮೋಸ ಮಾಡುವ ಅಂಗಡಿಗಳ ಮೇಲೆ ಬೆಸ್ ಕಠಿಣ ಕ್ರಮ ಕೈಗೊಂಡರು. ನಮ್ಮ ಸಂತೆಗೂ ಇಂಥವರು ಒಬ್ಬರು ಬರಬೇಕು, ತಕ್ಕಡಿ ನೋಡೋಕೆ.

1980ರಲ್ಲಿ ಸೆನೆಟ್ ಚುನಾವಣೆಗೆ ಪಕ್ಷದ ಟಿಕೆಟ್ ಬಯಸಿ ಸೋತರು. ಮುಂದೆ ಲಂಚದ ಆರೋಪ ಬಂದು, 1987ರಲ್ಲಿ ನಗರದ ಸಂಸ್ಕೃತಿ ಇಲಾಖೆಯ ಹುದ್ದೆ ಬಿಡಬೇಕಾಯಿತು. 1988ರಲ್ಲಿ ನ್ಯಾಯಾಲಯ ನಿರ್ದೋಷಿ ಎಂದು ಬಿಟ್ಟಿತು, ಆದರೂ ಪತ್ರಿಕೆಗಳಲ್ಲಿ ಬಹಳ ಸುದ್ದಿಯಾಗಿತ್ತು.

2014ರ ಡಿಸೆಂಬರ್ 14ರಂದು ಕ್ಯಾಲಿಫೋರ್ನಿಯಾದಲ್ಲಿ ಬೆಸ್ ಮೈಯರ್ಸನ್ ತೀರಿಕೊಂಡರು. ಆಗ ಅವರಿಗೆ 90 ವರ್ಷ.