ಕಟ್ಟಿಗೆಯೊಳಗೆ ಇಣುಕಿದ ಬಿ.ಜಿ.ಎಲ್. ಸ್ವಾಮಿ

 

ವಿಜ್ಞಾನ ಕನ್ನಡದಾಗ ಹೇಳಾಕ ಬರೂದಿಲ್ಲ, ಇಂಗ್ಲಿಷೇ ಬೇಕು ಅಂತ ಕೆಲವರು ಅಂತಾರ. ನನಗೂ ಮುಂದ ವಿಜ್ಞಾನ ಓದೋ ಆಸೆ ಐತಿ. ಅದಕ್ಕ ಈ ಸಲ ಬಿ.ಜಿ.ಎಲ್. ಸ್ವಾಮಿಯವರ ಜೀವನವನ್ನು ಬರೆಯುತ್ತಿದ್ದೇನೆ.

ಸ್ವಾಮಿಯವರು 1918ರ ಫೆಬ್ರವರಿ 5ರಂದು ಬೆಂಗಳೂರಿನಲ್ಲಿ ಹುಟ್ಟಿದರು. ಮಂಕುತಿಮ್ಮನ ಕಗ್ಗ ಬರೆದ ಡಿ.ವಿ. ಗುಂಡಪ್ಪನವರೇ ಇವರ ತಂದೆ. ಮಗ ಹಿಡಿದದ್ದು ಸಸ್ಯಶಾಸ್ತ್ರ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು.

ಬೀಜದೊಳಗ ಭ್ರೂಣ, ಅಂದರ ಎಳೆಯ ಸಸಿ, ಹೆಂಗ ಬೆಳಿತೈತಿ ಅನ್ನೂದನ್ನು ಅವರು ಆರ್ಕಿಡ್ ಗಿಡಗಳಲ್ಲಿ ಅಭ್ಯಾಸ ಮಾಡಿದರು. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಒಳಗ ಬುತ್ತಿ ಇರೂದಿಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರ ಅದಕ್ಕೆ ಆಹಾರ ಒದಗಿಸುತ್ತದೆ. ಶಿಲೀಂಧ್ರವಿಲ್ಲದೆ, ಸಕ್ಕರೆ ಮತ್ತು ಲವಣ ಕೊಟ್ಟರೂ ಪ್ರಯೋಗಶಾಲೆಯಲ್ಲಿ ಅದು ಮೊಳೆಯುತ್ತದೆಂದು 1922ರಲ್ಲಿ ಅಮೆರಿಕದ ನುಡ್ಸನ್ ತೋರಿಸಿದ್ದರು. ಅಂಥ ಬೀಜದ ಭ್ರೂಣವನ್ನು ಸ್ವಾಮಿಯವರು ಸೂಕ್ಷ್ಮದರ್ಶಕದಲ್ಲಿ ಹಂತ ಹಂತವಾಗಿ ನೋಡಿದರು.

ಮುಂದೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಬೈಲಿಯವರ ಜೊತೆ ಕಟ್ಟಿಗೆಯ ಸಂಶೋಧನೆ ಮಾಡಿದರು. ನಮ್ಮೂರ ಲಾಡಖಾನ ಗುಡಿಯ ಮ್ಯಾಲ ಮರದ ತೊಲಿ ಹಂಗ ಕಲ್ಲಿನ ಪಟ್ಟಿ ಕೂಡ್ರಿಸ್ಯಾರಲ್ಲ, ಅದು ಕಟ್ಟಿಗೆಯ ಹೊರಗಿನ ಆಕಾರ. ಸ್ವಾಮಿಯವರು ನೋಡಿದ್ದು ಒಳಗಿನ ಕಟ್ಟಡ. ಬೇವಿನಂಥ ಮರದಲ್ಲಿ ಜೀವಕೋಶಗಳು ಸಾಲಾಗಿ ಕೂಡಿ, ನಡುವಿನ ಗೋಡೆ ಕರಗಿ, ತಾವು ಸತ್ತು ನೀರಿನ ಕೊಳವೆ ಆಗತಾವ. ಸಾರ್ಕಾಂಡ್ರ ಎಂಬ ಗಿಡದಲ್ಲಿ ಇಂಥ ಕೊಳವೆ ಇಲ್ಲವೆಂದು ಇಬ್ಬರೂ 1950ರಲ್ಲಿ ಪ್ರಕಟಿಸಿದರು. 1987ರಲ್ಲಿ ಕಾರ್ಲ್‌ಕ್ವಿಸ್ಟ್ ಎಂಬುವರು ಅದರ ಬೇರಿನಲ್ಲಿ ಕೊಳವೆ ಕಂಡರು. ವಿಜ್ಞಾನ ಹಿಂಗ ಒಬ್ಬರಿಂದ ಒಬ್ಬರಿಗೆ ಮುಂದ ಹೋಗತೈತಿ.

ಊರಿಗೆ ಮರಳಿದ ಮೇಲೆ ಸ್ವಾಮಿಯವರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು, ಪ್ರಾಂಶುಪಾಲರೂ ಆದರು. ಸಂಶೋಧನೆ ಇಂಗ್ಲಿಷಿನಲ್ಲಿ ಬರೆದರೂ ಕನ್ನಡ ಬಿಡಲಿಲ್ಲ. ವಿದ್ಯಾರ್ಥಿಗಳ ಜೊತೆ ಕಾಡು ಸುತ್ತಿ ಗಿಡ ಗುರುತಿಸಿದ ಕಥೆಯನ್ನು ನಗಿಸುತ್ತ ನಗಿಸುತ್ತ ‘ಹಸುರು ಹೊನ್ನು’ ಪುಸ್ತಕದಲ್ಲಿ ಬರೆದರು. ಚಿತ್ರಗಳೂ ಅವರವೇ. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದಾಗ ವಿಜ್ಞಾನ ಬರೂದಿಲ್ಲ ಅನ್ನೋರಿಗೆ ಈ ಒಂದು ಪುಸ್ತಕ ಸಾಕು.

1980ರ ನವೆಂಬರ್ 2ರಂದು ಅವರು ತೀರಿಕೊಂಡರು. ಅದೇ ವರ್ಷ ಜಪಾನಿನ ಫುಕುದಾ ಮತ್ತು ಕೊಮಾಮಿನೆ, ಜೀನಿಯಾ ಹೂಗಿಡದ ಎಲೆಯ ಬಿಡಿ ಕೋಶಗಳನ್ನು ಪೋಷಕ ದ್ರವದಲ್ಲಿಟ್ಟು, ಸಸ್ಯ ಹಾರ್ಮೋನು ಕೊಟ್ಟು, ಅವು ಕಟ್ಟಿಗೆಯ ನೀರು ಸಾಗಿಸುವ ಕೋಶಗಳಾಗುವ ವಿಧಾನವನ್ನು ಪ್ರಕಟಿಸಿದರು. ಅಂಥ ಕೋಶ ಹುಟ್ಟುವುದನ್ನೇ ಕಣ್ಣಾರೆ ನೋಡುವ ದಾರಿ ಆಯಿತು.

ನೀವೂ ರಾತ್ರಿ ನಾಲ್ಕು ಶೇಂಗಾ ಕಾಳು ನೆನಿ ಹಾಕಿ, ಮುಂಜಾನೆ ಎರಡು ಬ್ಯಾಳಿ ಬಿಡಿಸಿ ನೋಡ್ರಿ. ತುದಿಯಲ್ಲಿ ಪುಟ್ಟ ಸಸಿ ಮಲಗಿರತೈತಿ. ಅದರ ಚಿತ್ರ ತೆಗೆದು, ಕಂಡದ್ದನ್ನು ನಮ್ಮ ಮಾತಿನಾಗ ಬರೆದು ಮುಂದಿನ ಸಂಚಿಕೆಗೆ ಕೊಡ್ರಿ.