ಎಡಗಡೆಯ ಸೀಟು: ಜೆ.ಆರ್.ಡಿ. ಟಾಟಾ ಅವರ ಹಾರಾಟದ ಬದುಕು

ನಮ್ಮ ಕುಳಗೇರಿ ಕ್ರಾಸ್ ನೋಡಿದವರಿಗೆ ಗೊತ್ತಿರುತ್ತೆ. ಹುಬ್ಬಳ್ಳಿಯಿಂದ ನವಲಗುಂದ, ನರಗುಂದ ದಾಟಿ ವಿಜಯಪುರದ ಕಡೆ ಹೋಗೋ ಹೆದ್ದಾರಿಯಲ್ಲಿ ಬಾದಾಮಿಗೆ ತಿರುಗೋ ಜಾಗ ಅದು. ಹಗಲು ರಾತ್ರಿ ಲಾರಿ ಓಡಾಡ್ತಾನೇ ಇರ್ತವೆ. ಅಲ್ಲಿ ಚಹಾ ಕುಡಿಯೋರ ನಡುವೆ ಒಂದು ಹಳೇ ವಾದ ಇದೆ. ಕ್ಲೀನರ್ ಹುಡುಗನ ಕೈಗೆ ಸ್ಟೇರಿಂಗ್ ಯಾವಾಗ ಕೊಡಬೇಕು? ಲೈಸೆನ್ಸ್ ಬಂದ ದಿನವೇ ಕೊಡಬಹುದಾ, ಇಲ್ಲಾ ನಾಲ್ಕು ಮಳೆಗಾಲ ಪಕ್ಕದಲ್ಲಿ ಕೂತು ಘಾಟ್ ಇಳಿಯೋದನ್ನ ನೋಡಿದ ಮೇಲಾ? ಮಾಲೀಕನಿಗೆ ಅವಸರ, ಯಾಕಂದ್ರೆ ಹೊಸ ಲಾರಿ ಬಂದು ನಿಂತಿದೆ, ಡ್ರೈವರ್ ಇಲ್ಲ. ಹಳೇ ಡ್ರೈವರ್ ಮಾತ್ರ ತಲೆ ಅಲ್ಲಾಡಿಸ್ತಾನೆ.

ವಿಮಾನದ ಲೋಕದಲ್ಲೂ ಇದೇ ವಾದ ನಡೆಯುತ್ತೆ. ಕಾಕ್‌ಪಿಟ್‌ನಲ್ಲಿ ಬಲಗಡೆ ಕೂರುವವರು ಸಹ ಪೈಲಟ್, ಎಡಗಡೆ ಕೂರುವವರು ಕ್ಯಾಪ್ಟನ್. ಬಲದಿಂದ ಎಡಕ್ಕೆ ಬರೋದನ್ನೇ ಅಪ್‌ಗ್ರೇಡ್ ಅಂತಾರೆ. ನಮ್ಮ ದೇಶದಲ್ಲಿ ಅದಕ್ಕೆ ಬೇಕಾದ ದೊಡ್ಡ ಲೈಸೆನ್ಸ್‌ಗೆ ಕನಿಷ್ಠ 1500 ಗಂಟೆ ಹಾರಿರಬೇಕು, ಆಮೇಲೆ ಸಿಮ್ಯುಲೇಟರ್ ಪರೀಕ್ಷೆ, ಪರೀಕ್ಷಕರ ಜೊತೆ ನಿಜವಾದ ಮಾರ್ಗಗಳಲ್ಲಿ ಹಾರಾಟ. ಇನ್ನೊಂದು ಕಡೆ ವಿಮಾನ ನಿಲ್ದಾಣಗಳೂ ದೊಡ್ಡದಾಗ್ತಿವೆ. ನಮಗೆ ಹತ್ತಿರದ ಹುಬ್ಬಳ್ಳಿಯಲ್ಲಿ ರನ್‌ವೇ ಉದ್ದ ಮಾಡಿದ್ರು. ವಿಜಯಪುರ ಪಕ್ಕದ ಬುರಣಾಪುರದಲ್ಲಿ ಮೊದಲು ಚಿಕ್ಕ ಎಟಿಆರ್ ವಿಮಾನಕ್ಕೆ ಅಂತ ಹಾಕಿದ್ದ ಯೋಜನೆಯನ್ನ ಏರ್‌ಬಸ್ 320 ಇಳಿಯೋ ಹಾಗೆ ಬದಲಿಸಿದ್ರು. ವಿಮಾನ, ರನ್‌ವೇ, ಕ್ಯಾಪ್ಟನ್ ಮೂರೂ ಒಟ್ಟಿಗೆ ತಯಾರಾಗ್ತವಾ? ಈ ಪ್ರಶ್ನೆಯ ಜೊತೆಗೇ ಬದುಕು ಕಳೆದ ಒಬ್ಬರ ಕಥೆ ಇದು.

ಜಹಾಂಗೀರ್ ರತನ್‌ಜಿ ದಾದಾಭಾಯ್ ಟಾಟಾ ಹುಟ್ಟಿದ್ದು 1904ರ ಜುಲೈ 29ರಂದು, ಪ್ಯಾರಿಸ್‌ನಲ್ಲಿ. ತಂದೆ ಪಾರ್ಸಿ, ತಾಯಿ ಸುಜಾನ್ ಫ್ರೆಂಚ್ ಹೆಣ್ಣುಮಗಳು. ಬೇಸಿಗೆಗೆ ಅವರ ಕುಟುಂಬ ಹೋಗ್ತಿದ್ದ ಹಾರ್ಡೆಲೋ ಎಂಬ ಕಡಲತೀರದಲ್ಲಿ ನೆರೆಮನೆಯವರು ಯಾರು ಗೊತ್ತಾ? 1909ರಲ್ಲಿ ವಿಮಾನದಲ್ಲಿ ಇಂಗ್ಲಿಷ್ ಕಾಲುವೆ ದಾಟಿದ ಮೊದಲಿಗ ಲೂಯಿ ಬ್ಲೆರಿಯೋ. ಆ ಮರಳಿನ ಮೇಲೆ ವಿಮಾನ ಇಳಿಯೋದನ್ನ ನೋಡ್ತಾ ಬೆಳೆದ ಹುಡುಗನಿಗೆ ಹದಿನೈದರ ವಯಸ್ಸಿನಲ್ಲಿ ಒಮ್ಮೆ ಹಾರೋ ಅವಕಾಶ ಸಿಕ್ಕಿತು. ಹುಚ್ಚು ಹಿಡಿಯೋಕೆ ಅಷ್ಟೇ ಸಾಕಾಯ್ತು.

1925ರಲ್ಲಿ ಅವರು ಟಾಟಾ ಕಂಪನಿಗೆ ಸಂಬಳವಿಲ್ಲದ ಅಪ್ರೆಂಟಿಸ್ ಆಗಿ ಸೇರಿದ್ರು. ಮುಂಬೈಯಲ್ಲಿ ಫ್ಲೈಯಿಂಗ್ ಕ್ಲಬ್ ಶುರುವಾದಾಗ ಓಡಿಹೋಗಿ ಹೆಸರು ಬರೆಸಿದ್ರು. 1929ರ ಫೆಬ್ರವರಿ 10ರಂದು ಸಿಕ್ಕ ಲೈಸೆನ್ಸ್ ಮೇಲೆ ಸಂಖ್ಯೆ 1 ಅಂತ ಇತ್ತು. ಭಾರತದಲ್ಲಿ ಕೊಟ್ಟ ಮೊದಲ ಪೈಲಟ್ ಲೈಸೆನ್ಸ್ ಅದು.

ಆಗಾ ಖಾನ್ ಅವರು ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಂಟಿಯಾಗಿ ಹಾರುವ ಭಾರತೀಯನಿಗೆ 500 ಪೌಂಡ್ ಬಹುಮಾನ ಇಟ್ಟರು. ಜೆ.ಆರ್.ಡಿ. ಕರಾಚಿಯಿಂದ ಹೊರಟರು, ಆಸ್ಪಿ ಇಂಜಿನಿಯರ್ ಎಂಬ ಹದಿಹರೆಯದ ಹುಡುಗ ಆ ಕಡೆಯಿಂದ ಹೊರಟ. ಈಜಿಪ್ಟಿನ ಅಬೂಕೀರ್‌ನಲ್ಲಿ ಇಬ್ಬರೂ ಎದುರಾದ್ರು. ಹುಡುಗ ಸ್ಪಾರ್ಕ್ ಪ್ಲಗ್ ಇಲ್ಲದೆ ಕೂತಿದ್ದ. ಜೆ.ಆರ್.ಡಿ. ತಮ್ಮ ಹತ್ತಿರ ಇದ್ದ ಹೆಚ್ಚಿನ ಪ್ಲಗ್ ಕೊಟ್ಟು ಮುಂದೆ ಹೋದ್ರು. ಕೆಲವೇ ಗಂಟೆಗಳ ಅಂತರದಲ್ಲಿ ಆಸ್ಪಿ ಗೆದ್ದ. ಮುಂದೆ ಅವನೇ ಭಾರತೀಯ ವಾಯುಪಡೆಯ ಮುಖ್ಯಸ್ಥನೂ ಆದ. ಆಕಾಶದಲ್ಲಿ ಒಬ್ಬನ ಕಷ್ಟ ಇನ್ನೊಬ್ಬನಿಗೂ ಬರೋದೇ ಅನ್ನೋ ತಿಳಿವಳಿಕೆ ಜೆ.ಆರ್.ಡಿ.ಗೆ ಆಗಲೇ ಇತ್ತು.

ಇಲ್ಲಿಂದ ಕಥೆ ನಮ್ಮ ಕಡೆಗೆ ಬರುತ್ತೆ. ನೆವಿಲ್ ವಿನ್ಸೆಂಟ್ ಎಂಬ ಮಾಜಿ ಬ್ರಿಟಿಷ್ ವಾಯುಪಡೆ ಅಧಿಕಾರಿ ಅಂಚೆ ವಿಮಾನದ ಯೋಜನೆ ಹಿಡಿದು ಟಾಟಾಗಳ ಹತ್ತಿರ ಬಂದಿದ್ರು. ಎರಡು ಲಕ್ಷ ರೂಪಾಯಿ ಬಂಡವಾಳ, ಎರಡು ಪುಟ್ಟ ಪುಸ್ ಮಾತ್ ವಿಮಾನ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬೈಗೆ ಅಂಚೆ ತಂದಿಳಿಸಿದ್ರು. ಅಹಮದಾಬಾದಿನಲ್ಲಿ ಪೆಟ್ರೋಲ್ ಡಬ್ಬಗಳು ಬಂದಿದ್ದು ಎತ್ತಿನ ಗಾಡಿಯಲ್ಲಿ! ಮುಂಬೈಯಿಂದ ಅಂಚೆ ಚೀಲ ಎತ್ತಿಕೊಂಡ ವಿನ್ಸೆಂಟ್ ನಮ್ಮ ಬಳ್ಳಾರಿಯಲ್ಲಿ ಇಳಿದು, ರಾತ್ರಿ ಅಲ್ಲೇ ಉಳಿದು, ಮರುದಿನ ಮದ್ರಾಸ್ ತಲುಪಿದ್ರು. ದೇಶದ ಮೊದಲ ವಿಮಾನಯಾನ ಕಂಪನಿಯ ಮೊದಲ ರಾತ್ರಿ ತಂಗುದಾಣ ಬಳ್ಳಾರಿ ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ರಾತ್ರಿ ಯಾಕೆ ಉಳಿದ್ರು ಅಂದ್ರೆ, ಕತ್ತಲಲ್ಲಿ ದಾರಿ ತೋರಿಸೋಕೆ ನೆಲದ ಮೇಲೆ ಏನೂ ಇರಲಿಲ್ಲ. ಜುಹು ವಿಮಾನ ನಿಲ್ದಾಣ ಅಂದ್ರೆ ಒಂದು ಮಣ್ಣಿನ ಬಯಲು, ಗರಿ ಹೊದಿಸಿದ ಒಂದು ಚಪ್ಪರ. ಮಳೆಗಾಲದಲ್ಲಿ ಅದು ಕೆರೆ ಆಗ್ತಿತ್ತು. ಆಗ ಇಡೀ ಕಂಪನಿ, ಅಂದ್ರೆ ಮೂವರು ಪೈಲಟ್, ಮೂವರು ಮೆಕ್ಯಾನಿಕ್, ಗಂಟುಮೂಟೆ ಕಟ್ಟಿ ಪುಣೆಗೆ ಹೋಗ್ತಿತ್ತು. ನೆಲ ಸರಿಯಿಲ್ಲದಿದ್ರೆ ಜಾಗ ಬದಲಿಸು, ಸಾಹಸ ಮಾಡಬೇಡ. ಈ ಲೆಕ್ಕಾಚಾರದಲ್ಲೇ ಮೊದಲ ವರ್ಷ 155 ಪ್ರಯಾಣಿಕರನ್ನೂ ಹತ್ತಿರ ಹತ್ತಿರ ಹತ್ತು ಟನ್ ಅಂಚೆಯನ್ನೂ ಸಾಗಿಸಿ 60,000 ರೂಪಾಯಿ ಲಾಭ ಮಾಡಿದ್ರು.

1938ರಲ್ಲಿ, 34ನೇ ವಯಸ್ಸಿಗೆ, ಜೆ.ಆರ್.ಡಿ. ಇಡೀ ಟಾಟಾ ಸಮೂಹದ ಅಧ್ಯಕ್ಷರಾದ್ರು. 1942ರಲ್ಲಿ ಇಂಗ್ಲೆಂಡಿನಿಂದ ವಾಪಸ್ ಬರುವಾಗ ವಿನ್ಸೆಂಟ್ ಇದ್ದ ವಿಮಾನ ಯುದ್ಧದಲ್ಲಿ ಕಳೆದುಹೋಯ್ತು. ಜೊತೆ ಹಾರಿದ ಗೆಳೆಯ ಇಲ್ಲದೆ ಮುಂದಿನ ಕೆಲಸ ನಡೀಬೇಕಾಯ್ತು. 1946ರಲ್ಲಿ ಕಂಪನಿ ಏರ್ ಇಂಡಿಯಾ ಆಯ್ತು.

1948ರ ಜೂನ್ 8. ಮಲಬಾರ್ ಪ್ರಿನ್ಸೆಸ್ ಎಂಬ ವಿಮಾನ ಮುಂಬೈಯಿಂದ ಕೈರೋ, ಜಿನೀವಾ ಮೂಲಕ ಲಂಡನ್‌ಗೆ ಹೊರಟಿತು. ಏರ್ ಇಂಡಿಯಾದ ಮೊದಲ ವಿದೇಶ ಯಾನ. ಕಂಪನಿ ಕಟ್ಟಿದವರು, ಲೈಸೆನ್ಸ್ ನಂಬರ್ 1 ಜೇಬಲ್ಲಿ ಇಟ್ಟುಕೊಂಡವರು ಅದರೊಳಗೆ ಇದ್ದರು. ಎಲ್ಲಿ ಕೂತಿದ್ರು? ಪ್ರಯಾಣಿಕರ ಸೀಟಲ್ಲಿ. ಎಡಗಡೆಯ ಸೀಟಲ್ಲಿ ಇದ್ದವರು ಕ್ಯಾಪ್ಟನ್ ಗುಜ್ದರ್. ನನಗೆ ಇಡೀ ಬದುಕಲ್ಲಿ ಹಿಡಿಸಿದ ಚಿತ್ರ ಇದು. ಲೈಸೆನ್ಸ್ ಇದೆ, ಮಾಲೀಕತ್ವ ಇದೆ, ಆಸೆಯಂತೂ ಇದ್ದೇ ಇರುತ್ತೆ. ಆದರೆ ಆ ಸೀಟು ಮಾತ್ರ ದಿನವೂ ಆ ಕೆಲಸ ಮಾಡುವವನದು.

ಅದೇ ಕಾಲಕ್ಕೆ ದೇಶದಲ್ಲಿ ಇನ್ನೊಂದು ಅವಸರ ಶುರುವಾಗಿತ್ತು. ಯುದ್ಧ ಮುಗಿದು ಡಕೋಟಾ ವಿಮಾನಗಳು ಅಗ್ಗಕ್ಕೆ ಸಿಗ್ತಿದ್ವು. ಕಂಡಕಂಡವರು ಕಂಪನಿ ತೆರೆದ್ರು, ಸರ್ಕಾರ ಲೈಸೆನ್ಸ್ ಕೊಡ್ತಾ ಹೋಯ್ತು. ಇಷ್ಟು ಕಂಪನಿಗಳಿಗೆ ಸಾಲುವಷ್ಟು ಪ್ರಯಾಣಿಕರೇ ಇಲ್ಲ ಅಂತ ಜೆ.ಆರ್.ಡಿ. ವಿರೋಧಿಸಿದ್ರು. 1949ರಲ್ಲಿ ನಾಗ್ಪುರವನ್ನ ನಡುಬಿಂದು ಮಾಡಿ ರಾತ್ರಿ ಅಂಚೆ ವಿಮಾನ ಶುರುವಾಯ್ತು. ನಾಲ್ಕು ಮಹಾನಗರಗಳಿಂದ ಹೊರಟ ವಿಮಾನಗಳು ನಡುರಾತ್ರಿ ಅಲ್ಲಿ ಸೇರಿ ಚೀಲ ಬದಲಿಸಿಕೊಂಡು ವಾಪಸ್ ಹೋಗೋ ಏರ್ಪಾಡು. ಯೋಚನೆ ಚೆನ್ನಾಗಿತ್ತು. ಆದರೆ ರಾತ್ರಿ ಇಳಿಯೋಕೆ ಬೇಕಾದ ವ್ಯವಸ್ಥೆ ನೆಲದ ಮೇಲೆ ಇನ್ನೂ ಸಿದ್ಧ ಆಗಿಲ್ಲ ಅನ್ನೋದು ಅವರ ತಕರಾರು. ಇದಕ್ಕಾಗಿ ಮಂತ್ರಿ ರಫಿ ಅಹಮದ್ ಕಿದ್ವಾಯಿ ಜೊತೆ ಬಹಿರಂಗವಾಗೇ ಜಟಾಪಟಿ ನಡೀತು. ಸ್ವಂತ ಲಾಭಕ್ಕೆ ಅಡ್ಡಿ ಮಾಡ್ತಿದ್ದಾರೆ ಅಂತ ಅನುಮಾನ ಪಟ್ಟವರೂ ಇದ್ರು. ಅವರಿಗೆ ತಮ್ಮ ಕಂಪನಿಯ ಹಿತ ಇರಲಿಲ್ಲ ಅಂತ ನಾನೂ ಹೇಳಲ್ಲ. ಆದರೆ 1950ರಲ್ಲಿ ರಾಜಾಧ್ಯಕ್ಷ ಸಮಿತಿ, ಕಂಪನಿಗಳು ಅಗತ್ಯಕ್ಕಿಂತ ಹೆಚ್ಚಾಗಿವೆ ಅಂತಲೇ ವರದಿ ಕೊಟ್ಟಿತು.

ಎಚ್ಚರಿಕೆ ಇದ್ದ ಮಾತ್ರಕ್ಕೆ ಅಪಘಾತ ತಪ್ಪುತ್ತೆ ಅಂತಿಲ್ಲ. 1950ರ ನವೆಂಬರ್ 3ರಂದು ಅದೇ ಮಲಬಾರ್ ಪ್ರಿನ್ಸೆಸ್ ಯುರೋಪಿನ ಮಾಂಟ್ ಬ್ಲಾಂಕ್ ಪರ್ವತಕ್ಕೆ ಬಡಿದು 48 ಜನ ಸತ್ತರು.

1953ರಲ್ಲಿ ಸರ್ಕಾರ ವಿಮಾನಯಾನವನ್ನ ರಾಷ್ಟ್ರೀಕರಣ ಮಾಡಿತು. ಜೆ.ಆರ್.ಡಿ.ಗೆ ಅದು ಒಪ್ಪಿಗೆ ಇರಲಿಲ್ಲ, ಆದ್ರೂ ಸಂಬಳ ತಗೊಳ್ಳದೆ ಏರ್ ಇಂಡಿಯಾ ಅಧ್ಯಕ್ಷರಾಗಿ 25 ವರ್ಷ ದುಡಿದ್ರು. ಪ್ರಯಾಣ ಮಾಡುವಾಗ ಪರದೆ, ಊಟ, ಶೌಚಾಲಯ ಎಲ್ಲ ನೋಡಿ ಚೀಟಿ ಬರೆದು ಕಳಿಸ್ತಿದ್ರು. 1960ರಲ್ಲಿ ಜೆಟ್ ಬಂತು, 1971ರಲ್ಲಿ ಜಂಬೋ ಬಂತು.

ಆ ಮೊದಲ ಜಂಬೋ, ಎಂಪರರ್ ಅಶೋಕ, 1978ರ ಜನವರಿ 1ರ ರಾತ್ರಿ ಮುಂಬೈಯಿಂದ ಏರಿದ ಸ್ವಲ್ಪ ಹೊತ್ತಿಗೇ ಬಾಂದ್ರಾ ಎದುರಿನ ಸಮುದ್ರಕ್ಕೆ ಬಿತ್ತು. 213 ಜನ, ಯಾರೂ ಉಳಿಯಲಿಲ್ಲ. ವಿಮಾನ ಎತ್ತ ವಾಲಿದೆ ಅಂತ ತೋರಿಸೋ ಉಪಕರಣ ಕ್ಯಾಪ್ಟನ್ ಕಡೆ ಕೆಟ್ಟಿತ್ತು. ಕೆಳಗೆ ಕತ್ತಲ ಸಮುದ್ರ, ಕಣ್ಣಿಗೆ ದಿಗಂತ ಇಲ್ಲ. ಕಾಕ್‌ಪಿಟ್‌ನಲ್ಲಿ ಅಂಥದೇ ಬೇರೆ ಉಪಕರಣಗಳಿದ್ವು, ಹೋಲಿಸಿ ನೋಡಿ ಸರಿಪಡಿಸೋಕೆ ಸಿಕ್ಕಿದ್ದು ಕೆಲವೇ ಸೆಕೆಂಡ್. ಎಡಗಡೆಯ ಸೀಟಲ್ಲಿದ್ದವರು ಅನುಭವಿ ಕ್ಯಾಪ್ಟನ್ನೇ. ಅಂದ್ರೆ ಗಂಟೆಗಳ ಲೆಕ್ಕ ಅವಶ್ಯ, ಆದರೆ ಅದೊಂದೇ ಸಾಲದು. ಪಕ್ಕದವನ ಕಣ್ಣೂ ಬಾಯಿಯೂ ಕೆಲಸ ಮಾಡಬೇಕು. ಅದೇ ವರ್ಷ ಫೆಬ್ರವರಿಯಲ್ಲಿ ಮೊರಾರ್ಜಿ ಸರ್ಕಾರ ಜೆ.ಆರ್.ಡಿ. ಅವರನ್ನ ಅಧ್ಯಕ್ಷ ಸ್ಥಾನದಿಂದ ತೆಗೆಯಿತು. ಅದು ಬೇರೆ ರಾಜಕೀಯ.

1982ರಲ್ಲಿ, ಮೊದಲ ಹಾರಾಟಕ್ಕೆ 50 ವರ್ಷ ತುಂಬಿದಾಗ, 78ರ ಆ ಹಿರಿಯರು ಲೆಪರ್ಡ್ ಮಾತ್ ಎಂಬ ಹಳೇ ವಿಮಾನದಲ್ಲಿ ಕರಾಚಿಯಿಂದ ಮುಂಬೈಗೆ ಮತ್ತೆ ಹಾರಿದ್ರು. 1988ರಲ್ಲಿ ಬೆಂಗಳೂರಿನ ನಿಯಾಸ್ ಸಂಸ್ಥೆ ಅವರ ಕನಸಿನಿಂದಲೇ ಹುಟ್ಟಿತು. 1992ರಲ್ಲಿ ಭಾರತರತ್ನ. 1993ರ ನವೆಂಬರ್ 29ರಂದು ಜಿನೀವಾದಲ್ಲಿ ತೀರಿಕೊಂಡರು.

ಅವರ ಕಣ್ಣೆದುರೇ, 1990ರ ಫೆಬ್ರವರಿ 14ರಂದು, ನಮ್ಮ ಬೆಂಗಳೂರಿನಲ್ಲಿ ಈ ವಾದದ ಅತಿ ಕಹಿ ಪಾಠ ನಡೆದಿತ್ತು. ಇಂಡಿಯನ್ ಏರ್‌ಲೈನ್ಸ್‌ನ ಹೊಚ್ಚ ಹೊಸ ಮಾದರಿಯ ಏರ್‌ಬಸ್ 320 ಎಚ್‌ಎಎಲ್ ರನ್‌ವೇಗಿಂತ ಮೊದಲೇ, ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. 146 ಜನರಲ್ಲಿ 92 ಮಂದಿ ಸತ್ತರು. ಎಡಗಡೆ ಕೂತಿದ್ದವರು ಆ ವಿಮಾನದ ಕ್ಯಾಪ್ಟನ್ ಆಗೋಕೆ ಪರೀಕ್ಷೆ ಕೊಡ್ತಿದ್ರು, ಬಲಗಡೆ ಪರೀಕ್ಷಕರು. ಇಂಜಿನ್ ಐಡಲ್‌ನಲ್ಲಿತ್ತು, ವೇಗ ಇಳೀತಾ ಹೋಗಿದ್ದು ಇಬ್ಬರ ಗಮನಕ್ಕೂ ತಡವಾಗಿ ಬಂತು. ಇಪ್ಪತ್ತು ವರ್ಷದ ಮೇಲೆ, 2010ರ ಮೇ 22ರಂದು, ಮಂಗಳೂರಿನ ಬಜ್ಪೆಯಲ್ಲಿ ಗುಡ್ಡದ ಮೇಲಿನ ರನ್‌ವೇ ದಾಟಿ ವಿಮಾನ ಕಣಿವೆಗೆ ಬಿದ್ದು 158 ಜನ ಸತ್ತರು. ಮತ್ತೆ ಮೇಲೇರೋಣ ಅಂತ ಸಹ ಪೈಲಟ್ ಎಚ್ಚರಿಸಿದ್ರೂ ಕ್ಯಾಪ್ಟನ್ ಇಳಿಸೋಕೇ ಹೋಗಿದ್ರು. ಒಂದು ಕಡೆ ಹೊಸ ವಿಮಾನ, ಇನ್ನೊಂದು ಕಡೆ ಹೊಸ ರನ್‌ವೇ. ಎರಡೂ ಕಡೆ ಕೊನೇ ಮಾತು ಕಾಕ್‌ಪಿಟ್‌ನ ಇಬ್ಬರದ್ದೇ ಆಗಿತ್ತು.

ನಮ್ಮ ಕಡೆಗೂ ವಿಮಾನ ಬೇಕು, ಅದರಲ್ಲಿ ಎರಡು ಮಾತಿಲ್ಲ. ಬಾದಾಮಿ ನೋಡೋಕೆ ಬರೋರು ಹುಬ್ಬಳ್ಳಿಯಲ್ಲೋ ವಿಜಯಪುರದಲ್ಲೋ ಇಳಿದು ನಮ್ಮ ಕ್ರಾಸ್‌ನಲ್ಲಿ ಚಹಾ ಕುಡಿದು ಹೋದ್ರೆ ನಮಗೇ ಖುಷಿ. ಆದರೆ ವಿಮಾನ ದುಡ್ಡು ಕೊಟ್ರೆ ಬರುತ್ತೆ, ರನ್‌ವೇ ಕೆಲವು ವರ್ಷಕ್ಕೆ ಆಗುತ್ತೆ, ಕ್ಯಾಪ್ಟನ್ ಮಾತ್ರ ತನ್ನ ಸಮಯ ತಗೊಂಡೇ ತಯಾರಾಗ್ತಾನೆ. ನಾಳೆ ನಮ್ಮಲ್ಲಿ ಕೆಲವರು ಆ ರನ್‌ವೇಗೆ ಲೆಕ್ಕ ಹಾಕ್ತೀವಿ, ಆ ಉಪಕರಣಗಳಿಗೆ ಕೋಡ್ ಬರೀತೀವಿ. ಬೇಗ ಮುಗಿಸಿ ಅಂತ ಮೇಲಿನವರು ಒತ್ತಾಯ ಮಾಡಿದಾಗ, ನೆಲ ಇನ್ನೂ ಸಿದ್ಧ ಆಗಿಲ್ಲ ಅಂತ ಮಂತ್ರಿಗೇ ಹೇಳಿದ ಒಬ್ಬರು ಇದ್ದರು ಅನ್ನೋದು ನೆನಪಿರಲಿ.